ಅಳಿಸಿದ ದೃಷ್ಟಿಬೊಟ್ಟು

ಮಧ್ಯಾಹ್ನ ಮೂರು ಇಪ್ಪತ್ತು.

ಟೈಮು ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ನಾಲ್ಕು ಗಂಟೆಯ ನಂಜನಗೂಡು ಬಸ್ಸಿಗೆ ಹೊರಡಬೇಕಿತ್ತು. ವಾಚು ನೋಡಿದೆ. ತಲೆ ಎತ್ತಿದೆ. ಕುದಿಯುವ ಕೊಪ್ಪರಿಗೆಯ ಆಚೆ ಅಂಚಿನಲ್ಲಿ ನನ್ನ ತಂಗಿಯ ಮಗಳು ಸಿಂಚನ ನಿಂತಿದ್ದಳು.

ನಾಲ್ಕು ವರ್ಷದ ಮಗು. ಕಾಲಲ್ಲಿ ಹೊಸ ಚಪ್ಪಲಿ, ಅವಳ ಅಳತೆಗಿಂತ ಒಂದು ಸೈಜು ದೊಡ್ಡದು. (ಬೆಳೆಯುವ ಮಕ್ಕಳಿಗೆ ನಾವೆಲ್ಲ ಕೊಡಿಸುವುದೇ ಹಾಗಲ್ಲವೇ?) ಬೆಲ್ಲದ ಪಾಕ ಉಕ್ಕಿ ಇಳಿಯುವುದನ್ನು ನೋಡಲು ಬಗ್ಗಿದಳು. ಚಪ್ಪಲಿ ಜಾರಿತು.

ತಂಗಿ ಶಶಿಯ ಗಂಡ ಮಹೇಶನದ್ದೇ ಆಲೆಮನೆ. ತಿ. ನರಸೀಪುರದಿಂದ ಬನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿ ಅವರ ಊರು. ಊರಿಗೆ ಅಂಟಿಕೊಂಡ ಕಬ್ಬಿನ ಗದ್ದೆ, ಗದ್ದೆಗೆ ಅಂಟಿಕೊಂಡ ಆಲೆಮನೆ. ನೆಲದ ಮಟ್ಟಕ್ಕೇ ಒಲೆ, ಒಲೆಯ ಮೇಲೆ ಮಂಚದಗಲದ ಕೊಪ್ಪರಿಗೆ. ಸುತ್ತ ಗೋಡೆಯಿಲ್ಲ, ಕಟ್ಟೆಯಿಲ್ಲ, ಒಂದು ಬಿದಿರು ಗಳುವೂ ಇಲ್ಲ.

ನನ್ನ ಬಾಯಿಂದ ಶಬ್ದ ಬರಲಿಲ್ಲ. ಕಾಲೇಜಿನಲ್ಲಿ ಹಿಂದಿನ ಬೆಂಚಿನವರಿಗೂ ಕೇಳಲಿ ಅಂತ ಕಿರುಚಿ ಕಿರುಚಿ ಫಿಸಿಕ್ಸ್ ಪಾಠ ಮಾಡುವ ಗಂಟಲು ಇದು. ಬೇಕಾದಾಗ ಕೈಕೊಟ್ಟಿತು. ಪಾಕ ಕಾಯಿಸುವ ಸಿದ್ದಯ್ಯ ಪಕ್ಕದಲ್ಲೇ ಇದ್ದ. ಸೌಟು ಎಸೆದು, ಮಗುವಿನ ಫ್ರಾಕಿನ ಬೆನ್ನ ಹಿಂದಿನ ಗಂಟಿಗೆ ಕೈಹಾಕಿ, ಕಬ್ಬಿನ ಜಲ್ಲೆ ಎಳೆದಂತೆ ಎಳೆದು ಹಿಂದಕ್ಕೆ ಬಿಸಾಕಿದ. ಮಗು ಸಿಪ್ಪೆಯ ರಾಶಿಯ ಮೇಲೆ ಕೂತಿತ್ತು. ಒಂದು ಚಪ್ಪಲಿ ಕೊಪ್ಪರಿಗೆಯಲ್ಲಿ ಒಂದು ಸುತ್ತು ತಿರುಗಿ ಮುಳುಗಿತು.

"ಎಕ್ಡ ಓದ್ರೆ ಓಗ್ಲಿ ಬುಡೀ," ಅಂದ ಸಿದ್ದಯ್ಯ. "ಕಾಲು ಉಳ್ಕತ್ತಲ್ಲ."

ಸಿಂಚನ ಅತ್ತಳು. ಚಪ್ಪಲಿಗೆ. ಬೇರೆ ಯಾವುದಕ್ಕೂ ಅಲ್ಲ.

ಕುದಿಯುವ ಪಾಕ ಕುದಿಯುವ ನೀರಿಗಿಂತ ಬಿಸಿ. ನೀರು ಸುಟ್ಟು ಜಾರಿಹೋಗುತ್ತದೆ, ಪಾಕ ಅಂಟಿಕೊಂಡು ಸುಡುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಉದಾಹರಣೆಯಾಗಿ ಹೇಳುತ್ತಿದ್ದೆ. ಇನ್ನು ಹೇಳುವುದಿಲ್ಲ.

ಅವತ್ತು ನಾನು ಬಸ್ಸು ಹಿಡಿಯಲಿಲ್ಲ.

* * *

ಈಗ ನಂಜನಗೂಡಿಗೆ ಬನ್ನಿ. ಅದೇ ಭಾನುವಾರ, ಅದೇ ಮಧ್ಯಾಹ್ನ, ನಮ್ಮ ಮನೆಯ ಕಿಟಕಿಯ ಪಕ್ಕ ನಮ್ಮವರು ಕೂತು ಇದೇ ಸಿಂಚನಳ ಮುಖ ತಿದ್ದುತ್ತಿದ್ದರು.

ನಮ್ಮವರ ಚಿತ್ರಕಲೆ ನಿಮಗೆ ಹೊಸದಲ್ಲ. ಹಿಂದೊಮ್ಮೆ ಇದೇ ಅಂಕಣದಲ್ಲಿ ಅದರ ಬಗ್ಗೆ ಬರೆದು ಮನೆಯಲ್ಲಿ ಮಾತು ನಿಂತುಹೋಗಿತ್ತು. ವಾರವಿಡೀ ಬ್ಯಾಂಕಿನ ಕೌಂಟರು, ಭಾನುವಾರ ಪ್ಯಾಸ್ಟೆಲ್. ಪ್ಯಾಸ್ಟೆಲ್ ಅಂದರೆ ಸೀಮೆಸುಣ್ಣದ ಶ್ರೀಮಂತ ಅಣ್ಣ ಅಂದುಕೊಳ್ಳಿ. ಬಣ್ಣದ ಪುಡಿಯನ್ನು ಒತ್ತಿ ಮಾಡಿದ ಕಡ್ಡಿ. ತರಿತರಿ ಕಾಗದದ ಮೇಲೆ ಎಳೆದರೆ ಪುಡಿ ಆ ತರಿಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಅಷ್ಟೇ ಅದರ ಗುಟ್ಟು. ಅಂಟಿಲ್ಲ, ಎಣ್ಣೆಯಿಲ್ಲ, ಕಾಗದದ ಹಿಡಿತವೇ ಎಲ್ಲ.

ಸಂಕ್ರಾಂತಿಗೆ ಶಶಿಯ ಮನೆಗೆ ಹೋಗಿದ್ದಾಗ ಜಗುಲಿಯ ಮೇಲೆ ಮಗುವನ್ನು ಕೂರಿಸಿ ಬರೆದಿದ್ದರು. ನಿಂತಲ್ಲಿ ನಿಲ್ಲದ ಪ್ರಾಣಿ ಅದು. ಮಹೇಶನ ತಾಯಿ ಪುಟ್ಟಮ್ಮಣ್ಣಿ ಅವರು ಅದರ ಬಾಯಿಗೆ ಒಂದು ಅಚ್ಚು ಬೆಲ್ಲ ತುರುಕಿ, "ಇದು ಕರಗೋಗಂಟ ಕೂತಿರ್ತಳೆ, ಅಷ್ಟರಲ್ಲಿ ಬರ್ಕೊಳಪ್ಪ," ಅಂದರು. ಬೆಲ್ಲ ಕರಗುವಷ್ಟರಲ್ಲಿ ಚಿತ್ರ ಆಯಿತು. ಬಲಗೆನ್ನೆ ಬೆಲ್ಲದಿಂದ ಉಬ್ಬಿದೆ, ಎಡಗೆನ್ನೆಯ ಮೇಲೆ ಅಜ್ಜಿ ಇಟ್ಟ ಕಾಡಿಗೆಯ ದೃಷ್ಟಿಬೊಟ್ಟು, ಕ್ಲಿಪ್ಪು ಕಿವಿಯ ಮೇಲೆ ಜಾರಿದೆ, ಕಣ್ಣು ಆಗಲೇ ಓಡಿಹೋಗುವ ದಾರಿ ಹುಡುಕುತ್ತಿದೆ. ನೋಡಿದವರೆಲ್ಲ ನಕ್ಕರು. ಸಿಂಚನ ಕೂಡ ನೋಡಿ, "ನಾನು ಬೆಲ್ಲ ತಿಂತಾವ್ನಿ," ಅಂದಳು.

ಅಲ್ಲಿಗೆ ಬಿಡಬೇಕಿತ್ತು. ಯಾರು ಬಿಡುತ್ತಾರೆ?

"ಸ್ವಲ್ಪ ಇಂಪ್ರೂವ್ ಮಾಡಿ ತಂದುಕೊಡ್ತೀನಿ," ಅಂತ ಚಿತ್ರವನ್ನು ನಂಜನಗೂಡಿಗೆ ತಂದರು.

ಮೊದಲು ಕ್ಲಿಪ್ಪು ನೆಟ್ಟಗಾಯಿತು. ಆಮೇಲೆ, ಕೆನ್ನೆ ಬಾವು ಬಂದಂತೆ ಕಾಣುತ್ತದೆ ಅಂತ ತೋರುಬೆರಳಲ್ಲಿ ತಿಕ್ಕಿ ತಿಕ್ಕಿ ಇಳಿಸಿದರು. ಒಂದು ಭಾನುವಾರ ಮೂಗಿಗೆ ಹೋಯಿತು. ಇನ್ನೊಂದು ಭಾನುವಾರ ಬಣ್ಣಕ್ಕೆ. ನಮ್ಮ ಸಿಂಚನ ನಮ್ಮೆಲ್ಲರ ಹಾಗೆ ಎಣ್ಣೆಗಪ್ಪು. ಚಿತ್ರದ ಮಗು ವಾರದಿಂದ ವಾರಕ್ಕೆ ಬೆಳ್ಳಗಾಯಿತು. ಕೇಳಿದರೆ, "ಬಣ್ಣ ಅಲ್ಲ ಕಣೇ, ಅದು ಮುಖದ ಮೇಲೆ ಬಿದ್ದಿರೋ ಬೆಳಕು," ಅಂದರು. ನಮ್ಮ ವಂಶದಲ್ಲಿ ಮೂರು ತಲೆಮಾರಿನಿಂದ ಯಾರ ಮುಖದ ಮೇಲೂ ಬೀಳದ ಬೆಳಕು!

ಕೆನ್ನೆ ಅಷ್ಟು ಬೆಳ್ಳಗಾದ ಮೇಲೆ ಬೊಟ್ಟು ಹೇಗೆ ಕಾಣಬೇಡ? ಮಸಿ ಸಿಡಿದಂತೆ ಕಾಣಿಸಿತು. ನಾನು ಆಲೆಮನೆಯಲ್ಲಿದ್ದ ಆ ಭಾನುವಾರ ಅದನ್ನೂ ಒರೆಸಿ ಹಾಕಿದರು. ಇನ್ನೇನೂ ತಿದ್ದಲು ಉಳಿಯಲಿಲ್ಲವಂತೆ. ಚಿತ್ರ ಮುಗಿಯಿತಂತೆ.

ಸಂಜೆ ನಾನು ಫೋನು ಮಾಡಿ ಆಲೆಮನೆಯ ವಿಷಯ ಹೇಳಿದೆ. ಮಾರನೆಯ ದಿನ ರಜೆ ಹಾಕಿ, ಎಲ್ಲರಿಗೂ ಸಮಾಧಾನವಾಗಲಿ ಅಂತ ಚಿತ್ರವನ್ನು ರಟ್ಟಿಗೆ ಸಿಕ್ಕಿಸಿ ತೆಗೆದುಕೊಂಡು ಬಂದರು. ಒಳ್ಳೆಯ ಮನಸ್ಸು. ಕೆಟ್ಟ ಟೈಮಿಂಗು.

* * *

ಸಿಂಚನ ಚಿತ್ರ ನೋಡಿ, "ಇದ್ಯಾರು?" ಅಂದಳು.

"ನೀನೇ ಕಣೇ."

"ನಾನಲ್ಲ. ಟೀವಿ ಪಾಪು."

ಪುಟ್ಟಮ್ಮಣ್ಣಿ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಕೆನ್ನೆಯ ಹತ್ತಿರ ಕಣ್ಣು ಒಯ್ದರು.

"ಬೊಟ್ಟೆಲ್ಲಪ್ಪಾ?"

"ತೆಗೆದೆ ಅಮ್ಮ. ಚೆನ್ನಾಗಿ ಕಾಣ್ತಿರಲಿಲ್ಲ."

"ಚೆಂದಾಗ್ ಕಾಣ್ದೇ ಇರ್ಲಿ ಅಂತ್ಲೇ ಅಲ್ವಾ ಇಡಾದು?" ಆಮೇಲೆ ತುಂಬ ಮೆಲ್ಲಗೆ ಕೇಳಿದರು: "ಎಷ್ಟೊತ್ನಲ್ಲಿ ತೆಗ್ದೆ?"

ಇಂಥ ಪ್ರಶ್ನೆಗೆ ಉತ್ತರ ಹೇಳಬಾರದು ಅನ್ನುವುದನ್ನು ಯಾವ ಡಿಗ್ರಿಯಲ್ಲೂ ಕಲಿಸುವುದಿಲ್ಲ. ನಮ್ಮವರು ಬ್ಯಾಂಕಿನವರು. ಕೇಳಿದ್ದಕ್ಕೆ ಉತ್ತರ ಕೊಡುವುದು ಅಭ್ಯಾಸ. "ನಿನ್ನೆ ಊಟ ಆಗಿ, ಒಂದು ನಿದ್ದೆ ಮಾಡಿ ಎದ್ದು... ಮೂರು, ಮೂರೂವರೆ ಇರಬಹುದು."

ಪುಟ್ಟಮ್ಮಣ್ಣಿ ಚಿತ್ರವನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಶಶಿ ಮಗುವನ್ನು ಎತ್ತಿಕೊಂಡಳು.

ನಾನು ಭಾಷಣ ಶುರು ಮಾಡಿದೆ. ಒಂದಾದ ಮೇಲೆ ಒಂದು ನಡೆಯಿತು ಅಂದ ಮಾತ್ರಕ್ಕೆ ಅದರಿಂದಲೇ ಇದು ಆಯಿತು ಅನ್ನಲಾಗದು. ನಂಜನಗೂಡಿನಲ್ಲಿ ಕಾಗದ ಒರೆಸಿದ್ದಕ್ಕೂ ಇಲ್ಲಿ ಕಾಲು ಜಾರಿದ್ದಕ್ಕೂ ಏನು ಸಂಬಂಧ? ಚಪ್ಪಲಿ ದೊಡ್ಡದಿತ್ತು, ನೆಲಕ್ಕೆ ಪಾಕ ಚೆಲ್ಲಿ ಜಾರುತ್ತಿತ್ತು, ಕೊಪ್ಪರಿಗೆಗೆ ಕಟ್ಟೆ ಇರಲಿಲ್ಲ. ಅಷ್ಟೇ.

ಶಶಿ ಕೇಳಿಸಿಕೊಂಡಳು. ಅವಳೂ ಬಿ.ಎಸ್ಸಿ. "ಎಲ್ಲ ಸರಿ ಅಕ್ಕ," ಅಂದಳು. "ಚಪ್ಪಲಿ ತಿಂಗಳಿಂದ ದೊಡ್ಡದೇ ಇತ್ತು. ಕಟ್ಟೆ ಯಾವತ್ತೂ ಇರಲಿಲ್ಲ. ನಿನ್ನೆ ಮಾತ್ರ ಯಾಕೆ?"

ಹೇಳಿ, ಏನು ಉತ್ತರ ಕೊಡಲಿ? (ನಮ್ಮವರು ಮಧ್ಯಾಹ್ನ ನಡೆದ ಯಾವುದಕ್ಕೂ "ಮೂರು, ಮೂರೂವರೆ" ಅನ್ನುತ್ತಾರೆ, ಗ್ಯಾಸು ಬಂದಿದ್ದಕ್ಕೂ, ನೆಂಟರು ಹೋಗಿದ್ದಕ್ಕೂ. ಇದು ನನಗೆ ಹೊಳೆದಿದ್ದು ಮಾರನೆಯ ದಿನ. ಆಗ ಯಾರು ಕೇಳುತ್ತಾರೆ?)

* * *

ನಮ್ಮವರು ರಜೆ ಮುಂದುವರಿಸಿದರು, ನಾನೂ ರಜೆ ಹಾಕಿ ಅಲ್ಲೇ ಉಳಿದೆ. ಉಳಿಯಲೇಬೇಕಿತ್ತು.

ಶಶಿ ತನ್ನ ಸೀರೆಯ ಸೆರಗಿನ ತುದಿಯನ್ನು ಮಗುವಿನ ಉಡಿದಾರಕ್ಕೆ ಗಂಟು ಹಾಕಿಕೊಂಡಿದ್ದಳು. ಅಡುಗೆಮನೆಗೆ ಹೋದರೆ ಮಗು ಅಡುಗೆಮನೆಗೆ, ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ. ಅಂಗನವಾಡಿಗೆ ಕಳಿಸಲಿಲ್ಲ. ಊರಿನ ಯಾವ ಮನೆಯಲ್ಲಿ ಏನು ತಿಂಡಿ ಅಂತ ನಮಗೆ ಬಂದು ಸುದ್ದಿ ಹೇಳುತ್ತಿದ್ದ ಮಗು ಈಗ ಒಂದು ಸೆರಗಿನ ಉದ್ದದ ಊರಿನಲ್ಲಿ ಓಡಾಡುತ್ತಿತ್ತು. ಉಳಿದ ಒಂದು ಚಪ್ಪಲಿಯನ್ನು ಮಾತ್ರ ಯಾರಿಗೂ ಕೊಡದೆ ಅದೊಂದನ್ನೇ ಹಾಕಿಕೊಂಡು ಕುಂಟುತ್ತಿತ್ತು.

ರಾತ್ರಿ ಶಶಿಗೆ ನಿದ್ದೆಯಿಲ್ಲ. ಮಗುವಿನ ಪಾದ ಹಿಡಿದುಕೊಂಡೇ ಮಲಗುವಳು. ಕಣ್ಣು ಮುಚ್ಚಿದರೆ ಬೆಚ್ಚುವಳು. ಅವಳು ಬೆಚ್ಚಿದರೆ ಪಕ್ಕದಲ್ಲಿ ನಾನು. ನನಗೆ ಕಾಣುವುದು ಒಂದೇ: ಚಪ್ಪಲಿ ಒಂದು ಸುತ್ತು ತಿರುಗಿ ಮುಳುಗುವುದು. ಅದರಲ್ಲಿ ಕಾಲು ಇದೆಯೋ ಇಲ್ಲವೋ ಅಂತ ಪ್ರತಿ ಸಲ ಬಗ್ಗಿ ನೋಡುತ್ತೇನೆ. ಮನೆಯಲ್ಲಿ ಗಾಢವಾಗಿ ನಿದ್ದೆ ಮಾಡುತ್ತಿದ್ದುದು ಒಬ್ಬಳೇ, ಕೊಪ್ಪರಿಗೆಗೆ ಬೀಳಬೇಕಿದ್ದವಳು.

"ಹಿಂಗೇ ಆದ್ರೆ ಇವ್ಳು ಬಿದ್ದೋಗ್ತಳೆ ಅಕ್ಕ," ಅಂದ ಮಹೇಶ. "ಮಗಳು ಉಳುದ್ಲು, ಎಂಡ್ತಿ ಓಯ್ತವ್ಳೆ."

"ಮೊದಲು ಕೊಪ್ಪರಿಗೆಗೆ ಕಟ್ಟೆ ಕಟ್ಟಿಸು," ಅಂದೆ.

"ನಮ್ಮಪ್ಪನ ಕಾಲದಿಂದ ಹಿಂಗೇ ಅದೆ. ಕಟ್ಟೆ ಕಟ್ಟುದ್ರೆ ಪಾಕ ಸುರಿಯಾಕೆ ಕೊಪ್ಪರಿಗೆ ಎಂಗ್ ಎತ್ತಾದು?"

"ಎತ್ತೋ ಕಡೆ ಬಿಟ್ಟು ಮಿಕ್ಕ ಮೂರು ಕಡೆ ಕಟ್ಟಿಸು. ಆ ಕಡೆಗೆ ಒಂದು ಗಳು ಅಡ್ಡ ಇಡಿಸು. ಅದಕ್ಕೂ ನಿಮ್ಮಪ್ಪನನ್ನೇ ಕೇಳಬೇಕಾ? ಬೊಟ್ಟಿಗೋಸ್ಕರ ಅಳ್ತಾ ಕೂತಿದ್ದೀರಲ್ಲ ಎಲ್ಲರೂ!"

ಒಳಗಿನಿಂದ ಪುಟ್ಟಮ್ಮಣ್ಣಿಯ ದನಿ ಬಂತು: "ಕಟ್ಟೆ ಬ್ಯಾಡ ಅಂದೋರ್ಯಾರವ್ವಾ ಕಾಲೇಜ್ ಮೇಡಮ್ಮು? ಕಟ್ಟೇನೂ ಕಟ್ಟಿ, ಬೊಟ್ಟೂ ಇಡ್ಲಿ. ಒಂದುಕ್ಕೊಂದು ಅಡ್ಡ ಬತ್ತವಾ?"

ಬುಧವಾರ ಶಶಿ ನಮ್ಮವರ ಮುಂದೆ ಬಂದು ನಿಂತಳು. ಹಿಂದೆಯೇ ಸೆರಗಿಗೆ ಕಟ್ಟಿದ ಮಗು. "ಭಾವ, ನಂಗೂ ಗೊತ್ತು ಇದೆಲ್ಲ ಸುಮ್ನೆ ಅಂತ. ಒಂದು ಬೊಟ್ಟು ತಾನೆ? ಇಟ್ಬಿಡಿ. ನಾನು ಒಂದು ರಾತ್ರಿ ನಿದ್ದೆ ಮಾಡ್ಬೇಕು."

* * *

ಒಂದು ಬೊಟ್ಟು. ಎಷ್ಟು ಹೊತ್ತಿನ ಕೆಲಸ?

ನಮ್ಮವರು ಬಣ್ಣದ ಡಬ್ಬಿ ತೆಗೆದು, ಕಪ್ಪು ಕಡ್ಡಿ ಹಿಡಿದು, ಎಡಗೆನ್ನೆಯ ಮೇಲೆ ಬೊಟ್ಟಿಟ್ಟರು. ಎಲ್ಲರೂ ಸುತ್ತ ನಿಂತಿದ್ದೆವು. ಚಿತ್ರವನ್ನು ಎತ್ತಿ ನಿಲ್ಲಿಸಿದರು.

ಬೊಟ್ಟು ಜಾರಿತು.

ತಿಕ್ಕಿ ತಿಕ್ಕಿ ಕಾಗದದ ತರಿಯೆಲ್ಲ ಸವೆದುಹೋಗಿತ್ತು. ಕೆನ್ನೆ ಕನ್ನಡಿಯಷ್ಟು ನುಣುಪು. ಕಪ್ಪು ಪುಡಿಗೆ ಹಿಡಿದುಕೊಳ್ಳಲು ಜಾಗವೇ ಇಲ್ಲ. ಬೆಳ್ಳನೆಯ ಕೆನ್ನೆಯ ಮೇಲೆ ಸಣ್ಣ ಕರಿಯ ಗೆರೆ ಎಳೆದುಕೊಂಡು ಗದ್ದದವರೆಗೆ ಇಳಿಯಿತು.

"ಅಳ್ತಾ ಅದೆ," ಅಂದಳು ಸಿಂಚನ, ಸುದ್ದಿ ಹೇಳುವ ದನಿಯಲ್ಲಿ.

ಶಶಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಸೆರಗಿನ ಜೊತೆ ಮಗುವೂ ಹೋಯಿತು.

ಆಮೇಲೆ ನಮ್ಮವರು ಪಟ್ಟು ಹಿಡಿದು ಕೂತರು. ಊದಿದರು, ಒತ್ತಿದರು, ಇನ್ನೊಂದು ಕಡ್ಡಿ ತೆಗೆದರು. ಹಳೆಯ ಮುಖವನ್ನೇ ವಾಪಸು ತರುತ್ತೇನೆ ಅಂತ ಕೆನ್ನೆ ಉಬ್ಬಿಸಲು ಹೋದರು. ಕಂದು ಬಣ್ಣ ಹಚ್ಚಿದರೆ ಅದೂ ಉದುರಿತು. ಹಚ್ಚಿದಷ್ಟೂ ಮಗುವಿಗೆ ವಯಸ್ಸಾಗುತ್ತಿತ್ತು. ಜಗುಲಿಯ ಮೇಲೆ ಬಣ್ಣದ ಪುಡಿ, ಬೆರಳಲ್ಲಿ ಬಣ್ಣದ ಪುಡಿ, ಕಾಗದದ ಮೇಲೆ ಮಾತ್ರ ಏನೂ ನಿಲ್ಲುತ್ತಿಲ್ಲ.

"ಮೊದಲ್ನೇದು ಚೆನ್ನಾಗಿತ್ತು ಅಲ್ವಾ?" ಅಂತ ನನ್ನನ್ನು ಕೇಳಿದರು.

ಗಂಡಂದಿರು ಇಂಥ ಪ್ರಶ್ನೆಯನ್ನು ಯಾಕೆ ಯಾವಾಗಲೂ ತಡವಾಗಿ ಕೇಳುತ್ತಾರೆ? ನಾನು ಅವರ ಕೈಯಿಂದ ಕಡ್ಡಿ ತೆಗೆದಿಟ್ಟೆ. ಅವರ ಬೆರಳ ತುದಿಯ ಚರ್ಮ ಕೂಡ ಕಾಗದದ ಹಾಗೆ ಸವೆದು ಕೆಂಪಾಗಿತ್ತು.

ತಿದ್ದುವುದು ತಪ್ಪು ಅನ್ನುತ್ತಿಲ್ಲ. ತಿದ್ದುವುದೇ ನನ್ನ ಕಸುಬು, ಮಾರ್ಚಿ ಬಂದರೆ ಕಟ್ಟುಗಟ್ಟಲೆ ಪೇಪರು ತಿದ್ದುತ್ತೇನೆ. ಆದರೆ ಮಕ್ಕಳ ವಿಷಯದಲ್ಲಿ ನಾವು ತಿದ್ದುವುದು ಯಾವುದನ್ನು? ಕಪ್ಪನ್ನು, ಉಬ್ಬಿದ ಕೆನ್ನೆಯನ್ನು, ಜಾರಿದ ಕ್ಲಿಪ್ಪನ್ನು. ಒಂದಳತೆ ದೊಡ್ಡ ಚಪ್ಪಲಿಯನ್ನು ಯಾರೂ ತಿದ್ದಲಿಲ್ಲ. ಕಟ್ಟೆಯಿಲ್ಲದ ಕೊಪ್ಪರಿಗೆಯನ್ನು ಯಾರೂ ತಿದ್ದಲಿಲ್ಲ.

* * *

ಗುರುವಾರ ಬೆಳಿಗ್ಗೆ ಎರಡು ಸಂಗತಿ ನಡೆದವು.

ಒಂದು, ಗಾರೆಯವರು ಬಂದರು. ಮಹೇಶ ನನಗೇನೂ ಹೇಳಿರಲಿಲ್ಲ. ಇಟ್ಟಿಗೆ ಇಳಿಸಿದ ಸದ್ದು ಕೇಳಿ ಹೊರಗೆ ಬಂದರೆ, ಎಷ್ಟೆತ್ತರ ಇರಬೇಕು ಅನ್ನುವುದಕ್ಕೆ ಸಿದ್ದಯ್ಯ ತನ್ನ ತೊಡೆಯ ಹತ್ತಿರ ಕೈಯಿಟ್ಟು ತೋರಿಸುತ್ತಿದ್ದ. "ಮೊಣಕಾಲ್ಗಂಟ ಸಾಕಲ್ವಾ?" ಅಂದ ಗಾರೆಯವನು. "ಯಾರ ಮೊಣಕಾಲು? ಆ ಮಗ ಕಪಿಯಂಗೆ ಮ್ಯಾಲಕ್ಕೆ ಅತ್ತದೆ ಕಣ್ಲಾ!" ಅಂದ ಸಿದ್ದಯ್ಯ.

ಇನ್ನೊಂದು ಒಳಗೆ. ದಿನಾ ಸ್ನಾನವಾದ ಮೇಲೆ ಪುಟ್ಟಮ್ಮಣ್ಣಿ ಮಗುವಿಗೆ ಬೊಟ್ಟಿಡುತ್ತಾರೆ. ಅವರದ್ದು ಮನೆಯಲ್ಲೇ ಮಾಡಿದ ಕಾಡಿಗೆ. ದೀಪದ ಮಸಿಗೆ ಹರಳೆಣ್ಣೆ ಕಲೆಸಿ ಚಿಕ್ಕ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಎಡಗೆನ್ನೆಗೆ ಬೊಟ್ಟಿಟ್ಟು, "ಓಗವ್ವ ಇನ್ನ," ಅಂದರು. ಹೋಗುವುದೆಲ್ಲಿಗೆ? ಸೆರಗಿನ ಉದ್ದ ಮುಗಿಯುವವರೆಗೆ. ಆ ಉದ್ದದೊಳಗೇ ಗೋಡೆಗೆ ಒರಗಿಸಿದ ಚಿತ್ರ ಇತ್ತು.

ಸಿಂಚನ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿದಳು. ತನ್ನ ಕೆನ್ನೆಯ ಹಸಿ ಬೊಟ್ಟಿಗೆ ಬೆರಳು ಒತ್ತಿ, ಆ ಬೆರಳನ್ನು ಚಿತ್ರದ ಕೆನ್ನೆಗೆ ಒತ್ತಿದಳು.

"ಅಯ್ಯೋ!" ಅಂತ ನಮ್ಮವರು ಎದ್ದರು. ನಾನು ಅವರ ಪಂಚೆ ಹಿಡಿದು ಕೂರಿಸಿದೆ.

ಕನ್ನಡಿ ನೋಡುವವರ ಹಾಗೆ ಇಟ್ಟಿದ್ದಳು. ಹಾಗಾಗಿ ಬೊಟ್ಟು ಬಿದ್ದದ್ದು ಬಲಗೆನ್ನೆಯ ಮೇಲೆ, ಮೊದಲು ಬೆಲ್ಲ ಉಬ್ಬಿದ್ದ ಜಾಗದಲ್ಲಿ. ದುಂಡಗೂ ಇಲ್ಲ. ಕಡಲೆಬೀಜದಷ್ಟು ದಪ್ಪ, ಒಳಗೆ ಬೆರಳಿನ ಗೆರೆಗಳು ಕಾಣುತ್ತಿದ್ದವು. ಎಲ್ಲರೂ ಕಾದೆವು, ಜಾರುತ್ತದೆ ಅಂತ.

ಜಾರಲಿಲ್ಲ. ಅದು ಪುಡಿಯಲ್ಲ, ಹರಳೆಣ್ಣೆ. ಅದಕ್ಕೆ ಕಾಗದದ ತರಿ ಬೇಕಿಲ್ಲ. (ಫಿಸಿಕ್ಸ್ ಮೇಡಮ್ಮಿಗೆ ಇದು ಮೊದಲೇ ಹೊಳೆಯಬೇಕಿತ್ತು ಅಂತೀರಾ? ನಿದ್ದೆ ಮಾಡಿರಲಿಲ್ಲ ಸ್ವಾಮಿ.)

ಪುಟ್ಟಮ್ಮಣ್ಣಿ ಬಂದು ಬಗ್ಗಿ ನೋಡಿದರು. ನಾವೆಲ್ಲ ಅವರ ಮುಖ ನೋಡಿದೆವು, ಬೊಟ್ಟು ಬೇರೆ ಕೆನ್ನೆಗೆ ಬಿದ್ದಿದೆಯಲ್ಲ ಅಂತ.

"ಯಾವ್ ಕೆನ್ನೆಯಾದ್ರೇನು," ಅಂದರು. "ದೃಷ್ಟಿಗೇನು ಎಡ ಬಲ ಗೊತ್ತಾದಾ?"

"ಈಗ್ ನಾನು," ಅಂದಳು ಸಿಂಚನ, ಚಿತ್ರವನ್ನು ತೋರಿಸುತ್ತ.

ಶಶಿ ನಕ್ಕಳು. ಭಾನುವಾರದಿಂದ ಈಚೆಗೆ ಮೊದಲ ಸಲ. ನಗುತ್ತಲೇ ಸೆರಗಿನ ಗಂಟು ಬಿಚ್ಚಲು ಕೂತಳು. ದಿನಗಟ್ಟಲೆ ಎಳೆದಾಡಿ ಗಂಟು ಬಿಗಿದುಹೋಗಿತ್ತು. ಕೊನೆಗೆ ಹಲ್ಲು ಹಾಕಿ ಬಿಚ್ಚಿದಳು.

ಎಣ್ಣೆ ಕಾಗದಕ್ಕೆ ಇಳಿದು ಬೊಟ್ಟಿನ ಸುತ್ತ ಈಗ ಹಳದಿ ಉಂಗುರ ಹರಡುತ್ತಿದೆ. ಅದನ್ನು ತೆಗೆಯುವ ಉಪಾಯವಿದೆ ಅಂತ ನಮ್ಮವರು ಒಮ್ಮೆ ಬಾಯಿ ತೆಗೆದರು. ನಾನು ನೋಡಿದೆ. ಮುಚ್ಚಿದರು.

ಆ ರಾತ್ರಿ ಮಲಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಹಂಚಿನ ಸಂದಿನಿಂದ ಬಿಸಿಲು ಬಿದ್ದಿತ್ತು. ಪಕ್ಕದಲ್ಲಿ ಶಶಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ನಡುವೆ ಮಗು ಇರಲಿಲ್ಲ. ಎದ್ದು ಓಡಿದೆ. ಅಂಗಳದಲ್ಲಿ ಸಿಂಚನ ಒಬ್ಬಳೇ, ಒಂಟಿ ಚಪ್ಪಲಿಯಲ್ಲಿ ಕೋಳಿಯ ಹಿಂದೆ ಕುಂಟುತ್ತಿದ್ದಳು. ಬಲಗೆನ್ನೆ ಉಬ್ಬಿತ್ತು. ಅವಳ ಆಚೆ, ಆಲೆಮನೆಯಲ್ಲಿ, ಹಸಿ ಸಿಮೆಂಟಿನ ಕಟ್ಟೆಗೆ ಸಿದ್ದಯ್ಯ ನೀರು ಚಿಮುಕಿಸುತ್ತಿದ್ದ.

ಬೊಟ್ಟಿನಿಂದ ನಿದ್ದೆ ಬಂತೋ, ಕಟ್ಟೆಯಿಂದಲೋ? ತೀರ್ಪು ಹೇಳಲು ನಾನು ತಯಾರಿಲ್ಲ. ಗೊತ್ತಿರುವುದು ಇಷ್ಟು: ಶುಕ್ರವಾರ ಬಿಸಿಲೇರಿದ ಮೇಲೆ ಎದ್ದ ಶಶಿ ಕಣ್ಣುಜ್ಜಿಕೊಂಡು ಮೊದಲು ಕೇಳಿದ್ದು, ಮಗು ಎಲ್ಲಿ ಅಂತಲ್ಲ, ಕಾಫಿ ಆಯ್ತಾ ಅಂತ.